ನಿಂತ ಹೊತ್ತು

ಸೈಕಲ್ ಓಡಿದ ದೂರ, ಹೊತ್ತು ಅಳೆಯುವ ಆರು ಆ್ಯಪ್‌ಗಳನ್ನು ಇಳಿಸಿಕೊಂಡು ನಾಲ್ಕನ್ನು ಅಳಿಸಿಹಾಕಿದ್ದ. ಉಳಿದವು ಎರಡು, ಒಂದು ಹಳದಿ, ಇನ್ನೊಂದು ಬೂದು. ಶುಕ್ರವಾರ ಮಧ್ಯಾಹ್ನದ ಬಿಡುವಿನಲ್ಲಿ ಊಟದ ಡಬ್ಬಿಯನ್ನು ಬಿಚ್ಚದೆ ಪಕ್ಕಕ್ಕೆ ಸರಿಸಿ, ಅವೆರಡರ ಮೇಲೆ ಹೆಬ್ಬೆರಳನ್ನು ಅತ್ತಿತ್ತ ಆಡಿಸುತ್ತ ಕೂತಿದ್ದ. ಪರೀಕ್ಷೆಗೆ ಬಂದ ತಕ್ಕಡಿಗಳು ಉದ್ದ ಮೇಜಿನ ಮೇಲೆ ಸಾಲಾಗಿ ಕಾಯುತ್ತಿದ್ದವು. ಅವುಗಳಲ್ಲಿ ತೀರ ಹಳೆಯದರ ಮುಳ್ಳು ಕೂಡ ಇಷ್ಟು ಹೊತ್ತು ಓಲಾಡುವುದಿಲ್ಲ, ಎಲ್ಲೋ ಒಂದು ಕಡೆ ನಿಲ್ಲುತ್ತದೆ ಎಂದು ತನ್ನನ್ನೇ ಹಂಗಿಸಿಕೊಂಡ. ಇಪ್ಪತ್ತು ವರ್ಷದಿಂದ ಅವನ ಕೆಲಸ ಇದೇ. ಅಂಗಡಿಗಳ ತಕ್ಕಡಿ, ಅಳತೆಗೋಲು, ಲೀಟರಿನ ಪಾತ್ರೆ ಇವುಗಳನ್ನು ಸರ್ಕಾರದ ಮೂಲ ತೂಕ, ಮೂಲ ಅಳತೆಗಳ ಜೊತೆ ಹೋಲಿಸುವುದು. ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ವಾಪಸು ಕಳಿಸುವುದು. ಮೂಲ ತೂಕಗಳನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡಿಗೂ ತೂಕವಿದೆ. ಮುಟ್ಟಿ ಮುಟ್ಟಿ ಕೆಲವು ವರ್ಷಗಳಲ್ಲಿ ಕಿಲೋ ಎಂಬುದು ಕಿಲೋ ಆಗಿ ಉಳಿಯುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಮೇಲಧಿಕಾರಿ ಇದನ್ನು ಹೇಳಿದಾಗ ಉಳಿದ ಹೊಸಬರು ಮುಸಿಮುಸಿ ನಕ್ಕಿದ್ದರು. ಅವನಿಗೆ ನಗು ಬಂದಿರಲಿಲ್ಲ. ಕೈ ತೊಳೆಯದೆ ಏನನ್ನೂ ಮುಟ್ಟದ ಮನೆಯಲ್ಲಿ ಬೆಳೆದವನಿಗೆ ಅದು ಹೊಸ ಮಾತಾಗಿರಲಿಲ್ಲ.

"ನಿಮಗೆ ಏನಕ್ಕೆ ಬೇಕು ಸರ್? ತೂಕ ಇಳಿಸೋಕಾ?" ಎಂದು ಕೇಳಿದವಳು ಪಕ್ಕದ ಮೇಜಿನ ಕಿರಿಯ ಸಹೋದ್ಯೋಗಿ. ರಜೆ ಬಂದರೆ ಸಾಕು, ಎಂಬತ್ತು ಕಿಲೋಮೀಟರ್ ಸೈಕಲ್ ತುಳಿದು ಬರುವವಳು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಹೆಲ್ಮೆಟ್ ಎಂದೇ ಕರೆಯುತ್ತಿದ್ದರು, ಅವಳೂ ಅದಕ್ಕೆ ಓಗೊಡುತ್ತಿದ್ದಳು.

"ಟೈಮ್ ನೋಡೋಕೆ," ಎಂದ.

"ಎಷ್ಟು ದೂರ?"

"ಹೋಗಿ ಬರೋಕೆ ಆರೂವರೆ ಕಿಲೋಮೀಟರ್."

"ಆರೂವರೆಗೆ ಆ್ಯಪ್ ಯಾಕೆ ಸರ್? ಒಂದ್ಸಲ ಆಕಳಿಸಿ ಬಾಯಿ ಮುಚ್ಚೋದ್ರೊಳಗೆ ಮುಗಿದೋಗುತ್ತೆ." ಅವಳು ನಕ್ಕು, ಬಗ್ಗಿ ನೋಡಿ, ಹಳದಿಯನ್ನು ತೋರಿಸಿದಳು. "ಇದನ್ನ ಇಟ್ಕೊಳ್ಳಿ. ನಾನೂ ಇದನ್ನೇ ಬಳಸೋದು. ಪದಕ ಎಲ್ಲ ಕೊಡುತ್ತೆ."

ಪದಕ ಅವನಿಗೆ ಬೇಕಿರಲಿಲ್ಲ. ಬೇಕಾಗಿದ್ದದ್ದು ಒಂದೇ ಒಂದು ಅಂಕಿ. ಇಪ್ಪತ್ತೆರಡು ವರ್ಷದ ಹಿಂದೆ, ಬೆಳಗಿನ ಹನ್ನೊಂದರ ಹೊತ್ತಿನಲ್ಲಿ, ಉಬ್ಬಸ ಏರಿ ಕುರ್ಚಿ ಹಿಡಿದು ಕೂತಿದ್ದ ಅಪ್ಪನಿಗೆ ಬಾಯಿಗೆ ಒತ್ತಿಕೊಳ್ಳುವ ಔಷಧಿಯ ಡಬ್ಬಿ ತರಲು ಅಕ್ಕ ಅವನನ್ನು ಸೈಕಲ್ ಮೇಲೆ ಅಟ್ಟಿದ್ದಳು. ಅವನು ತಂದ. ತರುವಷ್ಟರಲ್ಲಿ ಅಪ್ಪ ಇರಲಿಲ್ಲ. ಎಷ್ಟು ಹೊತ್ತಿನಲ್ಲಿ ತಂದ ಎಂಬುದು ಅಂದಿನಿಂದ ಇಂದಿನವರೆಗೆ ಮನೆಯೊಳಗೆ ತೀರದ ಪ್ರಶ್ನೆ. ಅಕ್ಕನ ಪ್ರಕಾರ ಮುಕ್ಕಾಲು ಗಂಟೆ. ಅವನ ಪ್ರಕಾರ ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ಹೇಳಿದವಳು ಅಕ್ಕ, ಕೇಳಿದವನು ತಮ್ಮ. ಆದ್ದರಿಂದ ಮುಕ್ಕಾಲು ಗಂಟೆಯೇ ನಿಂತಿತು. ಮೊದಮೊದಲು ಅದನ್ನು ಅಳುತ್ತ ಹೇಳುತ್ತಿದ್ದಳು, ಆಮೇಲೆ ನಿಟ್ಟುಸಿರಿನ ಜೊತೆ, ಈಗೀಗ ನಗುತ್ತ. ಕಳೆದ ಭಾನುವಾರ ಅಕ್ಕನ ಮಗನ ಹೊಸ ಹೆಂಡತಿ ಮೊದಲ ಸಲ ಎಲ್ಲರ ಜೊತೆ ಊಟಕ್ಕೆ ಕೂತಿದ್ದಳು. ನೀರಿನ ಜಗ್ಗು ತರಲು ಒಳಗೆ ಹೋದವನು ಸ್ವಲ್ಪ ತಡಮಾಡಿ ಬಂದದ್ದೇ ನೆಪವಾಯಿತು. "ಯಮನನ್ನ ಕರ್ಕೊಂಡು ಬಾ ಅಂತ ನಮ್ಮ ತಮ್ಮನ್ನ ಕಳಿಸಿ ನೋಡು, ನಾವೆಲ್ಲ ನೂರು ವರ್ಷ ಬಾಳ್ತೀವಿ," ಎಂದಳು ಅಕ್ಕ. ಎಲ್ಲರೂ ನಕ್ಕರು. ಹೊಸ ಹುಡುಗಿ ನಗಬೇಕೋ ಬೇಡವೋ ತಿಳಿಯದೆ ಕೂತದ್ದನ್ನು ಕಂಡು ಭಾವ ವಿವರಿಸಿದರು: "ಮಾವ ಹೋದ ದಿನಾನೂ ಹಂಗೇ ಆಯ್ತಮ್ಮ. ಔಷಧಿ ತರೋಕೆ ಅಂತ ಹೋದವನು ಒಂದು ಗಂಟೆ ಮಾಡಿಬಿಟ್ಟ." ಒಂದು ಗಂಟೆ. ಅಕ್ಕ ತಿದ್ದಲಿಲ್ಲ. ಅವನೂ ತಿದ್ದಲಿಲ್ಲ. ಹೊಸ ಹುಡುಗಿ ಅವನ ಕಡೆ ಕನಿಕರದಿಂದ ನೋಡಿದಳು, ಅವನು ಅವಳ ಲೋಟಕ್ಕೆ ನೀರು ಸುರಿಯುತ್ತ ಸುರಿಯುತ್ತ ಮೇಜಿನ ಮೇಲೆಲ್ಲ ಚೆಲ್ಲಿದ.

ಮನೆಗೆ ಬರುವ ದಾರಿಯಲ್ಲಿ ಹೆಂಡತಿ, "ಅವರು ಮಾತಾಡೋದೇ ಹಾಗೆ, ಬಿಡಿ," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ನೀವಾದ್ರೂ ಬಾಯಿ ಬಿಡಬಾರ್ದಾ?" ಎಂದೂ ಸೇರಿಸಿದಳು. ಅವನು ಆಗ ಯೋಚಿಸುತ್ತಿದ್ದದ್ದು ಬೇರೆ. ಮುದ್ರೆ ಇಲ್ಲದ ಅಳತೆ ಬೆಳೆಯುತ್ತದೆ. ಇದು ಅವನ ಕಸುಬಿನ ಅನುಭವ. ಮುಕ್ಕಾಲು ಗಂಟೆ ಇಪ್ಪತ್ತೆರಡು ವರ್ಷದಲ್ಲಿ ಒಂದು ಗಂಟೆಯಾಗಿದೆ; ಹೊಸ ಹುಡುಗಿ ನಾಳೆ ತನ್ನ ಮಕ್ಕಳಿಗೆ ಹೇಳುವಾಗ ಅದು ಒಂದೂವರೆಯಾಗುತ್ತದೆ; ತಾನು ಸತ್ತ ಮೇಲೂ ಬೆಳೆಯುತ್ತಲೇ ಇರುತ್ತದೆ. ಅಳೆದುಬಿಡಬೇಕು. ಅದೇ ಸೈಕಲ್, ಅದೇ ದಾರಿ, ಅದೇ ಹೊತ್ತು. ಅಷ್ಟಕ್ಕೆ ಕೈಗಡಿಯಾರ ಸಾಲದೇ ಎಂಬ ಪ್ರಶ್ನೆಯನ್ನು ತಾನೇ ಹಾಕಿಕೊಂಡು ತಾನೇ ಉತ್ತರ ಕೊಟ್ಟುಕೊಂಡಿದ್ದ. ತನ್ನ ತಕ್ಕಡಿಗೆ ತಾನೇ ಮುದ್ರೆ ಒತ್ತಿಕೊಳ್ಳುವಂತಿಲ್ಲ ಎಂಬುದು ಇಲಾಖೆಯ ಮೊದಲ ನಿಯಮ. ಗಡಿಯಾರ ನೋಡುವವನೂ ತಾನೇ, ಸೈಕಲ್ ತುಳಿಯುವವನೂ ತಾನೇ ಆದರೆ ಅಕ್ಕ ಹುಬ್ಬೇರಿಸುತ್ತಾಳೆ. ಆಕಾಶದಿಂದ ನೋಡಿ ಗೆರೆ ಎಳೆಯುವ ಒಂದು ಹೊರಗಿನ ಸಾಕ್ಷಿ ಬೇಕು.

ಸಾಕ್ಷಿಗಳ ಆಯ್ಕೆ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮೊದಲನೆಯ ಆ್ಯಪ್ ಅವನ ಎತ್ತರ, ತೂಕ, ಸೊಂಟದ ಸುತ್ತಳತೆ ಎಲ್ಲ ಕೇಳಿ, ಕೊನೆಗೆ ಅವನಿಗೆ ದಪ್ಪಗಿದ್ದೀಯ ಎಂದಿತು. ಎರಡನೆಯದಕ್ಕೆ ಗೆಳೆಯರು ಬೇಕಿತ್ತು. ಗೆಳೆಯರಿಲ್ಲದವನಿಗೆ ಅದು ಬಾಗಿಲನ್ನೇ ತೆರೆಯಲಿಲ್ಲ. ಮೂರನೆಯದು ಪ್ರತಿ ಐನೂರು ಮೀಟರಿಗೆ ಒಂದು ಹೆಣ್ಣು ದನಿಯಲ್ಲಿ ಶಾಭಾಷ್ ಎನ್ನುತ್ತಿತ್ತು, ಅಪ್ಪನ ಸಾವಿನ ದಾರಿಯಲ್ಲಿ ಶಾಭಾಷ್‌ಗಿರಿ ಬೇಡವೆಂದು ಅದನ್ನೂ ತೆಗೆದ. ನಾಲ್ಕನೆಯದರ ತುಂಬ ಜಾಹೀರಾತು. ಹಳದಿ ನೋಡಲು ಲಕ್ಷಣವಾಗಿತ್ತು, ಬಳಸಿದವರೆಲ್ಲ ಬಾಯ್ತುಂಬ ಹೊಗಳಿದ್ದರು. ಬೂದು ಬಣ್ಣದ್ದರಲ್ಲಿ ಒಂದು ಗುಂಡಿ, ಒಂದು ನಕ್ಷೆ, ಒಂದು ಅಂಕಿ, ಮುಗಿಯಿತು. ಒತ್ತಿದರೆ ಶುರು, ಮತ್ತೆ ಒತ್ತುವ ತನಕ ನಿಲ್ಲದು. ಅದಕ್ಕೆ ಯಾರೋ ಒಬ್ಬರು ಒಂದೇ ನಕ್ಷತ್ರ ಕೊಟ್ಟು ಬರೆದಿದ್ದರು: 'ನಾವು ನಿಂತರೂ ಇದು ಎಣಿಸುತ್ತಲೇ ಇರುತ್ತದೆ. ದಂಡ.' ಆ ಸಾಲನ್ನು ಓದಿದಾಗ ಅವನ ಕಿವಿ ಬಿಸಿಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕಚೇರಿಯ ಸುತ್ತ ಒಮ್ಮೆ ಕಣ್ಣಾಡಿಸಿದ. ಯಾರೂ ನೋಡುತ್ತಿರಲಿಲ್ಲ. ಹೆಲ್ಮೆಟ್ ಹೇಳಿದಳಲ್ಲ, ತಿಳಿದವಳು, ಎಂದುಕೊಂಡು ಹಳದಿಯನ್ನು ಆರಿಸಿಕೊಂಡು ಊಟದ ಡಬ್ಬಿ ಬಿಚ್ಚಿದ.

ಸೈಕಲ್ ಅವನ ಕಟ್ಟಡದ ನೆಲಮಹಡಿಯಲ್ಲಿ, ಮೀಟರ್ ಪೆಟ್ಟಿಗೆಗಳ ಕೆಳಗೆ, ಇಪ್ಪತ್ತು ವರ್ಷದಿಂದ ಗೋಡೆಗೊರಗಿ ನಿಂತಿತ್ತು. ಮಾರಲೂ ಇಲ್ಲ, ತುಳಿಯಲೂ ಇಲ್ಲ. ಅದನ್ನು ತಳ್ಳಿಕೊಂಡು ಹೋದಾಗ ರಿಪೇರಿಯವನು ಟೈರು ಟ್ಯೂಬು ಬದಲಾಯಿಸಿ, ಬ್ರೇಕು ಬಿಗಿದು, ಪೆಡಲನ್ನು ಕೈಯಲ್ಲಿ ತಿರುಗಿಸಿ ನೋಡಿ, "ಚೈನ್ ಸಡಿಲ ಇದೆ ಸಾರ್. ಒಂದು ಕೊಂಡಿ ತೆಗೆದುಬಿಡ್ಲಾ?" ಎಂದಿದ್ದ. ಬೇಡ ಎಂದ. "ದಾರೀಲಿ ಕಳಚ್ಕೊಳ್ಳುತ್ತೆ ಸಾರ್." ಕಳಚಿಕೊಳ್ಳಲಿ ಬಿಡು ಎಂದಾಗ ರಿಪೇರಿಯವನು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಜೇಬಿನಲ್ಲಿ ದುಡ್ಡಿದ್ದೂ ಚೈನು ಸಡಿಲ ಬಿಡಿಸಿಕೊಂಡು ಹೋಗುವ ಗಿರಾಕಿಯನ್ನು ಅವನು ಕಂಡಿರಲಿಕ್ಕಿಲ್ಲ.

ಶನಿವಾರ ಹನ್ನೊಂದಕ್ಕೆ ಅಕ್ಕನ ಗೇಟಿನ ಮುಂದೆ ನಿಂತು ಹಳದಿಯ ಗುಂಡಿ ಒತ್ತಿದ. ಅಪ್ಪನ ಮನೆಯೇ ಈಗ ಅಕ್ಕನ ಮನೆ. ಅಪ್ಪನ ಪುಸ್ತಕ ಬೈಂಡಿಂಗ್ ಕೆಲಸವನ್ನು ಅದೇ ಮುಂಗೋಣೆಯಲ್ಲಿ ಅಕ್ಕ ಮುಂದುವರಿಸಿದ್ದಾಳೆ. ಕಿಟಕಿಯಿಂದ ಅವಳ ತಲೆ ಕಂಡಿತು. "ಏನೋ ಇದು, ಗೇಟ್ ಹತ್ರ ನಿಂತಿದ್ದೀಯ? ಒಳಗೆ ಬಾ." ಆಮೇಲೆ ಬರುತ್ತೇನೆ ಎಂದು ಕೈಯಾಡಿಸಿ ಹೊರಟ. ಶಾಲೆಯ ಉದ್ದ ಗೋಡೆ, ಮರ ಕೊಯ್ಯುವ ಕಾರ್ಖಾನೆ, ಸಂತೆ ಬೀದಿಯ ತಿರುವು, ಕಾಲುವೆಯ ಸೇತುವೆ. ಮಂಡಿಗಳು ಕಿರುಗುಟ್ಟಿದವು. ಇಪ್ಪತ್ತೆರಡರ ಕಾಲಿಗೂ ನಲವತ್ತನಾಲ್ಕರ ಕಾಲಿಗೂ ನಡುವೆ ಎಷ್ಟು ನಿಮಿಷದ ವಿನಾಯಿತಿ ಕೊಡಬೇಕೆಂದು ಯೋಚಿಸಿ, ಕೊಡಬಾರದು ಎಂದು ತೀರ್ಮಾನಿಸಿ, ಇನ್ನಷ್ಟು ಜೋರಾಗಿ ತುಳಿದ. ಔಷಧಿ ಅಂಗಡಿ ಇದ್ದ ಕಡೆ ಈಗ ಚಪ್ಪಲಿ ಅಂಗಡಿ. ಅದರ ಮುಂದೆ ನಾಲ್ಕು ನಿಮಿಷ ಸುಮ್ಮನೆ ನಿಂತ. ಅಂದು ಅಂಗಡಿಯಾತ ಏಣಿ ಹಾಕಿ ಮೇಲಿನ ಗೂಡಿನಲ್ಲಿ ಹುಡುಕಲು ಅಷ್ಟು ಹೊತ್ತು ತೆಗೆದುಕೊಂಡಿದ್ದ. ಒಳಗಿನಿಂದ ಯಾರೋ, "ಏನು ಬೇಕಿತ್ತು?" ಎಂದರು. ಏನೂ ಬೇಡ ಎಂದು ಸೈಕಲ್ ತಿರುಗಿಸಿದ. ವಾಪಸು ಬರುವಾಗ ಸೇತುವೆ ದಾಟಿದ ಮೇಲೆ ಒಂದು ಏರು, ಏರಿನ ಮಧ್ಯದಲ್ಲಿ ಬಸ್ ನಿಲ್ದಾಣ. ಅಂದು ಚೈನು ಕಳಚಿದ್ದು ಅಲ್ಲಿ. ಇಂದು ಕಳಚಲಿಲ್ಲ, ಬೇಕೆಂದಾಗ ಕೆಡುವ ವಸ್ತು ಜಗತ್ತಿನಲ್ಲಿ ಯಾವುದಿದೆ. ಅವನೇ ಇಳಿದು, ಕೈಯಾರೆ ಕಳಚಿ, ಮತ್ತೆ ಹಲ್ಲಿಗೆ ಕೂರಿಸಿದ. ಬಸ್ಸಿಗೆ ಕಾದವರು ನೋಡಿದರು. ಅಂದೂ ಹೀಗೆಯೇ ನೋಡಿದ್ದರು, ಅವರಲ್ಲಿ ಕಾಲೇಜಿನ ಇಬ್ಬರು ಹುಡುಗಿಯರಿದ್ದರು, ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಿದ್ದಳು. ಅಪ್ಪ ಉಸಿರಿಗೆ ಒದ್ದಾಡುತ್ತಿರುವಾಗಲೂ ಅವನಿಗೆ ಆ ಹುಡುಗಿಯರ ಮುಂದೆ ನಾಚಿಕೆಯಾಗಿತ್ತು ಎಂಬುದನ್ನು ನೆನೆದು ಇಂದು ಬೇರೆಯದೇ ನಾಚಿಕೆಯಾಯಿತು. ನಿಲ್ದಾಣದ ಪಕ್ಕ, ಆಗ ನಲ್ಲಿ ಇದ್ದ ಗೋಡೆಯ ಮುಂದೆ, ಕಪ್ಪಾದ ಕೈಗಳನ್ನು ಮುಂದೆ ಚಾಚಿಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ಹೊರಟ. ಅಕ್ಕನ ಗೇಟಿನಲ್ಲಿ ಗುಂಡಿ ಒತ್ತಿದಾಗ ಹಳದಿ ಅವನಿಗೊಂದು ಪದಕ ಕೊಟ್ಟು, ಇಪ್ಪತ್ನಾಲ್ಕು ನಿಮಿಷ ಎಂದಿತು.

ಇಪ್ಪತ್ನಾಲ್ಕು. ಅಕ್ಕ ಮತ್ತೆ ಕರೆಯುವ ಮೊದಲೇ ಅವನು ಅಲ್ಲಿಂದ ಜಾರಿಕೊಂಡು, ಸಂತೋಷ ತಡೆಯಲಾರದೆ, ಬೀದಿಯ ಕೊನೆಯ ಮೋರಿ ಕಟ್ಟೆಯ ಮೇಲೆ ಕೂತುಬಿಟ್ಟ. ಇಪ್ಪತ್ತೈದು ಎಂದು ತಾನು ಹೇಳುತ್ತಿದ್ದದ್ದು ಸುಳ್ಳಲ್ಲ, ಅದಕ್ಕಿಂತ ಒಂದು ಕಡಿಮೆಯೇ. ಇಪ್ಪತ್ತೆರಡು ವರ್ಷ ಒಂದು ಸುಳ್ಳು ತೂಕದ ಕಲ್ಲನ್ನು ಎದೆಯ ಮೇಲೆ ಹೊತ್ತು ತಿರುಗಿದೆನಲ್ಲ ಎಂದುಕೊಂಡ. ಫೋನಿನ ಪರದೆಯ ಚಿತ್ರ ತೆಗೆದು ಅಕ್ಕನಿಗೆ ಕಳಿಸಲು ಬರೆದ: 'ನೋಡು. ಆವತ್ತಿನ ದಾರಿ, ಆವತ್ತಿನ ಸೈಕಲ್. ಇಪ್ಪತ್ನಾಲ್ಕು.' ಕಳಿಸುವ ಮೊದಲು ಪರೀಕ್ಷಕನ ಚಾಳಿ ಬಿಡದೆ ನಕ್ಷೆಯನ್ನು ದೊಡ್ಡದು ಮಾಡಿ ನೋಡಿದ. ಹಳದಿ ಗೆರೆ ಗೇಟಿನಿಂದ ಹೊರಟು, ಸೇತುವೆ ದಾಟಿ, ಚಪ್ಪಲಿ ಅಂಗಡಿ ಮುಟ್ಟಿ, ತಿರುಗಿ, ಏರನ್ನು ಹತ್ತಿ, ನಲ್ಲಿಯ ಗೋಡೆಯ ಪಕ್ಕದಲ್ಲಿ ನುಣ್ಣಗೆ ಹಾದುಹೋಗಿತ್ತು. ಅಲ್ಲಿ ಒಂದು ಚುಕ್ಕೆಯಾಗಲಿ, ಗಂಟಾಗಲಿ ಇರಲಿಲ್ಲ. ಅಲ್ಲಿ ಯಾರೂ, ಯಾವತ್ತೂ ನಿಂತೇ ಇರಲಿಲ್ಲ.

ಸಂಜೆ ಹೆಂಡತಿ ಆ ಅಂಕಿಯನ್ನು ನೋಡಿ, "ಇನ್ನೇನು ಮತ್ತೆ? ಕಳಿಸಿಬಿಡಿ," ಎಂದಳು. ಅವಳಿಗೆ ನಲ್ಲಿಯ ವಿಷಯ ಗೊತ್ತಿರಲಿಲ್ಲ. ಹದಿನೇಳು ವರ್ಷ ಒಂದೇ ಸೂರಿನಡಿ ಬಾಳಿದವಳಿಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಕಳಿಸುತ್ತೇನೆ ಎಂದು ಫೋನನ್ನು ಮಗುಚಿಟ್ಟ. ಭಾನುವಾರ ಪೂರ್ತಿ ಅದು ಹಾಗೆಯೇ ಮಗುಚಿಕೊಂಡಿತ್ತು. ಆಗಾಗ ಹೋಗಿ ಎತ್ತಿ ನೋಡುತ್ತಿದ್ದ. ಇಪ್ಪತ್ನಾಲ್ಕು ಇಪ್ಪತ್ನಾಲ್ಕಾಗಿಯೇ ಇತ್ತು. ಸೋಮವಾರ ಕಚೇರಿಯಲ್ಲಿ ಹೆಲ್ಮೆಟ್ಟಿನ ಮೇಜಿನ ಹತ್ತಿರ ಹೋಗಿ, ಬೇರೆ ಯಾರದೋ ಸಂಗತಿ ಕೇಳುವವನ ಹಾಗೆ, ಇದು ನಿಂತ ಹೊತ್ತನ್ನು ಯಾಕೆ ಬಿಟ್ಟುಬಿಡುತ್ತದೆ ಎಂದು ಕೇಳಿದ.

"ಅದು ತಾನಾಗೇ ತೆಗೆದುಹಾಕುತ್ತೆ ಸರ್. ಗಾಲಿ ನಿಂತ್ರೆ ಗಡಿಯಾರಾನೂ ನಿಲ್ಲುತ್ತೆ."

"ತೆಗೀದೇ ಇರೋ ಹಾಗೆ ಮಾಡೋಕಾಗಲ್ವಾ?"

"ಇದರಲ್ಲಿ ಆಗಲ್ಲ. ಅಲ್ಲ ಸರ್, ನಿಂತಿದ್ದನ್ನ ಯಾಕೆ ಲೆಕ್ಕ ಹಾಕ್ಬೇಕು? ಸಿಗ್ನಲ್ಲು, ಗಾಡಿ ಅಡ್ಡ ಬಂದಿದ್ದು, ಇದೆಲ್ಲ ನಮ್ಮ ತಪ್ಪಾ?"

"ನಮ್ಮ ತಪ್ಪಿಗೇ ನಿಂತ್ರೆ?"

ಹೆಲ್ಮೆಟ್ ತಲೆಯೆತ್ತಿ ಅವನನ್ನು ನೋಡಿದಳು. "ಅದು ನೋಡಿ, ಆ್ಯಪ್‌ಗೆ ಹೆಂಗೆ ಗೊತ್ತಾಗಬೇಕು ಸರ್," ಎಂದಳು.

ಆ ದಿನ ಒಂದು ತಕ್ಕಡಿ ಬಂತು. ತರಕಾರಿ ಮಾರುವ ಮುದುಕಿಯದು. ತಟ್ಟೆಯ ಅಡಿಗೆ ಅಂಟಿನ ಮುದ್ದೆ ಮೆತ್ತಿತ್ತು. ಬೇಕೆಂದೇ ಮೆತ್ತಿದ್ದೋ, ತಾನಾಗಿ ಮೆತ್ತಿಕೊಂಡದ್ದೋ, ಮುದುಕಿಯ ಮುಖ ನೋಡಿದರೆ ತಿಳಿಯುವಂತಿರಲಿಲ್ಲ, ಬಹುಶಃ ಅವಳಿಗೇ ತಿಳಿದಿರಲಿಲ್ಲ. ಅವನು ಅದನ್ನು ಕೆರೆದು ತೆಗೆದು, ಮುಳ್ಳನ್ನು ಸೊನ್ನೆಗೆ ತಂದು, ಮುದ್ರೆ ಒತ್ತಿ ಕೊಟ್ಟ. ಅವಳು ಹೋದ ಮೇಲೆ ಫೋನು ತೆಗೆದು, ಅಕ್ಕನಿಗೆಂದು ಬರೆದು ಕಳಿಸದೆ ಇಟ್ಟ ಸಾಲುಗಳನ್ನು ಅಳಿಸಿದ. ಆಮೇಲೆ ಹಳದಿಯನ್ನು ಅಳಿಸಿದ. ನೀವು ಗಳಿಸಿದ ಪದಕವೂ ಅಳಿಸಿಹೋಗುತ್ತದೆ, ಪರವಾಗಿಲ್ಲವೇ ಎಂದು ಅದು ಕೇಳಿತು. ಪರವಾಗಿಲ್ಲ ಎಂದು ಒತ್ತಿ, ಮರುದಿನಕ್ಕೆ ರಜೆ ಚೀಟಿ ಬರೆದ. ಕಾರಣ ಎಂಬ ಜಾಗದಲ್ಲಿ ಸ್ವಂತ ಕೆಲಸ ಎಂದು ಬರೆದು, ಸ್ವಂತ ಎಂಬುದರ ಕೆಳಗೆ ಗೊತ್ತಿಲ್ಲದೆಯೇ ಗೆರೆ ಎಳೆದಿದ್ದ.

ಮಂಗಳವಾರ ಹನ್ನೊಂದು ಗಂಟೆ. ಬೂದು ಆ್ಯಪ್ ಒತ್ತಿಸಿಕೊಂಡು ಏನೂ ಅನ್ನದೆ ಎಣಿಸಲು ಶುರುಮಾಡಿತು. ಈ ಸಲ ಅವನು ಅವಸರಪಡಲಿಲ್ಲ, ನಿಧಾನವನ್ನೂ ಮಾಡಲಿಲ್ಲ. ಗೋಡೆ, ಕಾರ್ಖಾನೆ, ತಿರುವು, ಸೇತುವೆ. ಚಪ್ಪಲಿ ಅಂಗಡಿಯವನು ಮತ್ತೆ ಬಂದೆಯಾ ಎಂಬಂತೆ ನೋಡಿದ. ನಾಲ್ಕು ನಿಮಿಷ. ವಾಪಸು ಏರಿನ ಮಧ್ಯ ಇಳಿದು ಚೈನು ಕಳಚಿ ಕೂರಿಸಿದ, ಕೈ ಮಣಿಕಟ್ಟಿನವರೆಗೆ ಕಪ್ಪಾಯಿತು. ನಲ್ಲಿ ಇದ್ದ ಗೋಡೆಗೆ ಈಗ ನುಣುಪು ಕಲ್ಲು ಹಾಕಿ ಹಣ ಕೊಡುವ ಯಂತ್ರ ಕೂರಿಸಿದ್ದರು. ಅದರ ಪಕ್ಕದ ಮರದ ಬುಡದಲ್ಲಿ ಕೂತು ಮಣ್ಣು ತೆಗೆದುಕೊಂಡ. ಅಂದು ಸೋಪು ಇರಲಿಲ್ಲ, ಹೀಗೆಯೇ ಮಣ್ಣು ಹಾಕಿ ಉಜ್ಜಿದ್ದ. ಅಂಗೈ, ಬೆರಳ ಸಂದು, ಒಂದೊಂದು ಉಗುರು. ಎಷ್ಟು ಹೊತ್ತು ಎಂಬುದು ತಲೆಗೆ ನೆನಪಿರಲಿಲ್ಲ, ಕೈಗಳಿಗೆ ನೆನಪಿತ್ತು. ಅವು ಮಾಡಿದ ಹಾಗೆ ಮಾಡಲು ಬಿಟ್ಟ. ಕೈ ತೊಳೆಯದೆ ಮುಟ್ಟಬೇಡ ಎಂಬುದು ಆ ಮನೆಯಲ್ಲಿ ಅಪ್ಪನ ಏಕೈಕ ಶಾಸ್ತ್ರ. ಬಾಗಿಲ ಪಕ್ಕದಲ್ಲೇ ತೊಟ್ಟಿ, ನಲ್ಲಿ, ಬಟ್ಟೆ. ತೊಳೆದೇ ಹೊಸ್ತಿಲು ದಾಟಬೇಕು. ಯಾರದೋ ಪುಸ್ತಕದ ಹಾಳೆಯ ಮೇಲೆ ಬೆರಳ ಗುರುತು ಬಿದ್ದರೆ ಅಪ್ಪ ಬೈಯುತ್ತಿರಲಿಲ್ಲ. ಆ ಗುರುತನ್ನು ರಬ್ಬರಿನಿಂದ, ಬ್ರೆಡ್ಡಿನ ತುಣುಕಿನಿಂದ ಅರ್ಧ ದಿನ ಕೂತು ತೆಗೆಯುತ್ತಿದ್ದರು, ಅದು ಬೈಗುಳಕ್ಕಿಂತ ಕಷ್ಟ. ಇಂಥ ಕೈಯಲ್ಲಿ ಕೊಟ್ಟರೆ ಅಪ್ಪ ಬಾಯಿಗೆ ಇಟ್ಟುಕೊಳ್ಳುವುದಿಲ್ಲ ಎಂದುಕೊಂಡು ಅಂದು ತೊಳೆದದ್ದು ನಿಜ. ಆದರೆ ಅದು ಮೊದಲ ಎರಡು ನಿಮಿಷದ ನಿಜ. ಕೈ ಆಗಲೇ ಸಾಕಷ್ಟು ಬೆಳ್ಳಗಾಗಿತ್ತು. ಆಮೇಲೂ ಅವನು ತೊಳೆದ. ನೀರು ತಣ್ಣಗಿತ್ತು. ಆ ನಲ್ಲಿಯ ಸದ್ದಿನಲ್ಲಿ, ಮನೆ ಬಿಟ್ಟಾಗಿನಿಂದ ಕಿವಿಯೊಳಗೆ ಕೊಯ್ಯುತ್ತಿದ್ದ ಅಪ್ಪನ ಉಸಿರಿನ ಸದ್ದು ಕೇಳುತ್ತಿರಲಿಲ್ಲ. ಹೋದರೆ ಮತ್ತೆ ಅದನ್ನು ಕೇಳಬೇಕು. ಇನ್ನೊಂದು ಚೂರು, ಇನ್ನೊಂದು ಚೂರು ಎಂದು ಅವನು ನಿಂತಿದ್ದ. ಅವನಿಗೆ ಹಾಯೆನಿಸಿತ್ತು. ಇಪ್ಪತ್ತೆರಡು ವರ್ಷ ಅವನು ಮುಚ್ಚಿಟ್ಟಿದ್ದದ್ದು ನಲ್ಲಿಯನ್ನಲ್ಲ, ಹಾಗೆ ಹಾಯೆನಿಸಿದ್ದನ್ನು.

ಇಂದು ನೀರಿಲ್ಲ. ಮಣ್ಣು ಜಿಡ್ಡಿನ ಜೊತೆ ಸೇರಿ ಕೈ ಇನ್ನಷ್ಟು ಕಪ್ಪಾಗಿತ್ತು. ಹಣ ತೆಗೆಯಲು ಬಂದವನೊಬ್ಬ, ಮಣ್ಣಿನಲ್ಲಿ ಕೂತು ಕೈ ಉಜ್ಜುತ್ತಿದ್ದ ದೊಡ್ಡ ಮನುಷ್ಯನನ್ನು ಕಂಡು ದೂರ ಸರಿದು ನಿಂತ. ಕೈಗಳು ತಾವಾಗಿ ನಿಂತಾಗ ಅವನು ಎದ್ದು ಸೈಕಲ್ ಹತ್ತಿದ. ಅಕ್ಕನ ಗೇಟಿನಲ್ಲಿ ಫೋನು ತೆಗೆದು ನೋಡಿದ. ಮೂವತ್ತಾರು. ನಕ್ಷೆಯಲ್ಲಿ ನಲ್ಲಿಯ ಜಾಗದಲ್ಲಿ ಬೂದು ಗೆರೆ ಒಂದು ಸಣ್ಣ ಗಂಟಾಗಿತ್ತು, ದಾರದ ತುದಿಗೆ ಬೈಂಡಿಂಗಿನವರು ಹಾಕುವಂಥದ್ದು. ನಿಲ್ಲಿಸಲು ಒತ್ತುವುದನ್ನು ಮರೆತು ಗೇಟಿನೊಳಗೆ ನಡೆದ.

ಅಕ್ಕ ಮುಂಗೋಣೆಯಲ್ಲಿ ದಪ್ಪ ನಿಘಂಟೊಂದಕ್ಕೆ ರಟ್ಟು ಅಂಟಿಸುತ್ತಿದ್ದಳು. ಎರಡೂ ಕೈಗೆ ಅಂಟು. ಅವನು ತೊಟ್ಟಿಯ ಪಕ್ಕ, ಹೊಸ್ತಿಲ ಆಚೆ ನಿಂತ.

"ಏನೋ ಇದು ಕೈ? ಸೈಕಲ್ ಬೇರೆ. ಕೆಲಸಕ್ಕೆ ಹೋಗಿಲ್ವಾ?"

"ಅಕ್ಕ, ಮೂವತ್ತಾರು ನಿಮಿಷ."

"ಏನು ಮೂವತ್ತಾರು?"

"ಅಂಗಡಿಗೆ ಹೋಗಿ ಬಂದಿದ್ದು. ಅಪ್ಪಂಗೆ ಔಷಧಿ ತರೋಕೆ. ಇವತ್ತು ಅಳೆದೆ." ಅವನು ಫೋನನ್ನು ಮುಂದೆ ಹಿಡಿದ, ಗಾಜಿನ ಮೇಲೆಲ್ಲ ಕಪ್ಪು ಬೆರಳು ಮೂಡಿತ್ತು. "ಮುಕ್ಕಾಲು ಗಂಟೆ ಅಲ್ಲ. ಭಾವ ಹೇಳ್ತಾರಲ್ಲ, ಒಂದು ಗಂಟೆ, ಅದೂ ಅಲ್ಲ. ಇಪ್ಪತ್ತೈದು ಅಂತ ನಾನು ಹೇಳ್ತಿದ್ದೆ, ಅದೂ ಸುಳ್ಳು. ಚೈನ್ ಬಿತ್ತು. ಕೈ ಕಪ್ಪಾಯ್ತು. ನಲ್ಲೀಲಿ ತೊಳ್ಕೊಳ್ತಾ ನಿಂತೆ. ಬೇಕಾಗಿದ್ದಕ್ಕಿಂತ ಜಾಸ್ತಿ ಹೊತ್ತು ನಿಂತೆ, ಅಕ್ಕ. ಬರೋಕೆ ಮನಸ್ಸಾಗ್ಲಿಲ್ಲ ನಂಗೆ."

ಅಕ್ಕ ರಟ್ಟಿನ ಮೇಲೆ ಕೈಯಾಡಿಸುತ್ತಲೇ ಇದ್ದಳು. ಗಾಳಿಯ ಗುಳ್ಳೆ ಉಳಿಯದ ಹಾಗೆ ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ. ಅವಳು ಬೈಯಲಿ ಎಂದು ಅವನು ಕಾದ. ಅಳುತ್ತಾಳೆ ಎಂದೂ ಅನಿಸಿತು. ಅವಳು ಎರಡೂ ಮಾಡಲಿಲ್ಲ.

"ಗೊತ್ತಿತ್ತು," ಎಂದಳು. "ನೀನು ತಂದುಕೊಟ್ಟ ಡಬ್ಬಿ ಒದ್ದೆ ಇತ್ತು. ಹೊರಗೆ ಮಳೆ ಇರಲಿಲ್ಲ."

"ಗೊತ್ತಿತ್ತಾ? ಮತ್ತೆ ಕೇಳಲಿಲ್ಲ ಯಾಕೆ?"

"ಹೆಂಗೆ ಕೇಳಲೋ? ನಿನ್ನ ಅಟ್ಟಿದಾಗ ನನ್ನ ಕೈಯೂ ಒದ್ದೆ ಇತ್ತು."

ಅಕ್ಕನ ಕೈ ರಟ್ಟಿನ ಮೇಲೆ ನಿಂತಿತು. ಮೇಜಿನ ಮೇಲೆ, ಅಪ್ಪ ಹಾಳೆ ಮಡಚಲು ಬಳಸುತ್ತಿದ್ದ ಮೂಳೆಯ ಪಟ್ಟಿ ಇತ್ತು, ಬಳಸಿ ಬಳಸಿ ಹಳದಿಯಾದದ್ದು. ಅವಳು ಅದನ್ನೇ ನೋಡುತ್ತ ಹೇಳಿದಳು. "ಉಬ್ಬಸ ಬಂದಾಗ ಅಪ್ಪಂಗೆ ಕೂಗೋಕಾಗ್ತಿರಲಿಲ್ಲ, ನೆನಪಿದೆಯಾ? ಒಳಗಿನ ಕೋಣೆಯಿಂದ ಇದರಲ್ಲಿ ಮೇಜು ಕುಟ್ಟೋರು. ಅವತ್ತೂ ಕುಟ್ಟಿದ್ರು. ನಾನು ಹಿಂಗೇ ರಟ್ಟು ಅಂಟಿಸ್ತಿದ್ದೆ. ಬಿಟ್ಟು ಎದ್ರೆ ಸೊಟ್ಟಗಾಗುತ್ತೆ, ಅಪ್ಪಾನೇ ಬೇಜಾರು ಮಾಡ್ಕೊಳ್ತಾರೆ ಅಂತ ಮುಗಿಸಿದೆ. ಇನ್ನೊಂದ್ಸಲ ಕುಟ್ಟಿದ್ರು. ಕೈ ತುಂಬ ಅಂಟು. ತೊಟ್ಟಿಗೆ ಹೋಗಿ ತೊಳ್ಕೊಂಡು, ಆಮೇಲೆ ಒಳಗೆ ಹೋದೆ. ಡಬ್ಬಿ ಖಾಲಿ ಇತ್ತು. ಆಮೇಲೆ ತಾನೆ ನಿನ್ನ ಕೂಗಿದ್ದು."

ಅವನ ತಲೆಯೊಳಗಿನ ಪರೀಕ್ಷಕನ ಬುದ್ಧಿ, ಇಂಥ ಹೊತ್ತಿನಲ್ಲೂ ನಾಚಿಕೆಯಿಲ್ಲದೆ, ನಲವತ್ತೈದರಲ್ಲಿ ಮೂವತ್ತಾರನ್ನು ಕಳೆಯಲು ಹೊರಟಿತ್ತು. ಅವನು ಅದರ ಬಾಯಿ ಮುಚ್ಚಿಸಿದ.

"ನೀನು ಗೇಟಿಂದ ಎಣಿಸ್ತೀಯ," ಎಂದಳು ಅಕ್ಕ. "ನಾನು ಅಪ್ಪ ಮೇಜು ಕುಟ್ಟಿದಾಗಿಂದ ಎಣಿಸ್ತೀನಿ. ನಿಂದು ಮೂವತ್ತಾರು ಅಂದ್ರೆ ಮೂವತ್ತಾರೇ ಇರಬೇಕು, ಅಳತೆಯವನು ನೀನು. ಮಿಕ್ಕಿದ್ದು ನಂದು."

ಇಪ್ಪತ್ತೆರಡು ವರ್ಷ ಅವಳು ತನ್ನ ನಿಮಿಷಗಳನ್ನು ಅವನ ತಟ್ಟೆಯ ಅಡಿಗೆ ಮೆತ್ತಿಟ್ಟು, ನಗುತ್ತ ನಗುತ್ತ ತೂಗಿ ತೋರಿಸುತ್ತಿದ್ದಳು. ಅವನಿಗೆ ಸಿಟ್ಟು ಬರಬೇಕಾಗಿತ್ತು. ಬಂತು ಕೂಡ, ಒಂದು ಗಳಿಗೆ, ಬಿಸಿಯಾಗಿ. ಆಮೇಲೆ ಅವಳ ಕೈ ಕಂಡಿತು. ಅಂಟು ಒಣಗಿ ಚರ್ಮದ ಮೇಲೆ ಬಿಳಿಯಾಗಿ ಬಿರಿಯುತ್ತಿತ್ತು. ಫೋನನ್ನು ಜೇಬಿಗಿಳಿಸಿ, ಹುಟ್ಟಿನಿಂದ ಬಂದ ರೂಢಿಯಲ್ಲಿ ಅವನು ಪಕ್ಕದ ತೊಟ್ಟಿಯ ಕಡೆ ತಿರುಗಿ, ನಲ್ಲಿಯ ಮೇಲೆ ಕೈಯಿಟ್ಟ.

ಅಕ್ಕ ಎದ್ದು ಬಂದಳು. ಅಂಟಿನ ಕೈಯಲ್ಲೇ ಅವನ ಮಣಿಕಟ್ಟು ಹಿಡಿದು ನಲ್ಲಿಯಿಂದ ಬಿಡಿಸಿದಳು.

"ಕೈ ಆಮೇಲೆ ತೊಳ್ಕೊಳ್ಳುವೆಯಂತೆ," ಎಂದಳು. "ಮೊದಲು ಒಳಗೆ ಬಾ."

ಜೇಬಿನಲ್ಲಿ ಬೂದು ಆ್ಯಪ್ ಇನ್ನೂ ಎಣಿಸುತ್ತಲೇ ಇತ್ತು. ಅವನು ಕಪ್ಪು ಕೈಯಲ್ಲೇ ಹೊಸ್ತಿಲು ದಾಟಿದ.